ಅಮ್ಮಣ್ಣಿ ಹೇಳಿದ ಅರ್ಥ

ಫಳ್ನೀರ್, ಮಂಗಳೂರು
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ, ನಿಮ್ಮ ಹರ್ಷಿತಾ ಮಾಡುವ ನಮಸ್ಕಾರಗಳು.

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದೀರೋ, ಅಥವಾ ಅದು ಸಿನಿಮಾದವರು ಹಾಕುವಂಥದ್ದು ಎಂದು ದಿಂಬಿನಡಿ ಇಟ್ಟಿದ್ದೀರೋ? ಕಣ್ಣಿಗೆ ಬಿಡುವ ಮದ್ದನ್ನು ಹೊತ್ತು ಹೊತ್ತಿಗೆ ಬಿಡಿಸಿಕೊಳ್ಳಿ. ತಲೆಗೆ ನೀರು ಹಾಕಿಕೊಳ್ಳಬೇಡಿ. ಬಗ್ಗಿ ಏನನ್ನೂ ಎತ್ತಬಾರದು ಎಂದರೆ ನಿಜವಾಗಿಯೂ ಎತ್ತಬಾರದು. ಮುಂಬಯಿಯ ಮಾರ್ಕೆಟಿನಲ್ಲಿ ಯಾರೋ ಹೆಂಗಸು ಬುಟ್ಟಿಯನ್ನು ತಲೆಗೇರಿಸಲಾರದೆ ಒದ್ದಾಡುತ್ತಿದ್ದಾಗ ನೀವು ಕೈ ಕೊಡಲು ಹೋದಿರಿ ಎಂದು ಅತ್ತೆ ಹೇಳಿದರು. ಅಲ್ಲಿಯ ಬಂಗುಡೆ ಮೀನು ಸಪ್ಪೆ ಎಂದು ದಿನವೂ ದೂರುತ್ತಿದ್ದೀರಂತೆ. ದೂರುವಷ್ಟು ಹುಷಾರಾಗಿದ್ದೀರಲ್ಲ, ಅದೇ ಸಮಾಧಾನ. ಇಲ್ಲಿ ಅಮ್ಮ ಆರಾಮಾಗಿದ್ದಾಳೆ. ಹೊಯ್ಗೆಬಜಾರಿನ ನಿಮ್ಮ ಮನೆಗೆ ವಾರಕ್ಕೊಮ್ಮೆ ಹೋಗಿ ಕಿಟಕಿ ತೆರೆದು ಗಾಳಿ ಆಡಿಸಿ ಬರುತ್ತೇವೆ. ಮಳೆ ಹೋಯಿತು ಎಂದುಕೊಳ್ಳುವಾಗ ಸಂಜೆ ಮತ್ತೆ ಗುಡುಗುತ್ತದೆ, ಸೆಕೆ ಮಾತ್ರ ಒಂದಿಷ್ಟೂ ಇಳಿದಿಲ್ಲ.

ಲೀಲಾಧರ ಮಾಮ, ಮುಂಬಯಿಯ ನಿಮ್ಮ ಮನೆಯಲ್ಲಿ ಇದನ್ನು ಅಜ್ಜಿಗೆ ಓದಿ ಹೇಳುವವರು ನೀವೇ ಎಂದು ನನಗೆ ಗೊತ್ತು. ನಿಮಗೊಂದು ವಿನಂತಿ. ನಡುವೆ ಯಾವ ಸಾಲನ್ನೂ ಹಾರಿಸಬೇಡಿ. ಅಜ್ಜನ ರಿಪೋರ್ಟುಗಳನ್ನು ಓದುವಾಗ ನೀವು ಬೇಡದ್ದನ್ನೆಲ್ಲ ನುಂಗಿ "ಎಲ್ಲ ನಾರ್ಮಲ್" ಎನ್ನುತ್ತಿದ್ದಿರಿ, ಅಜ್ಜಿಗೂ ಅದು ತಿಳಿಯುತ್ತಿತ್ತು, ಆದರೂ ಇಬ್ಬರೂ ನಾಟಕ ಮಾಡುತ್ತಿದ್ದಿರಿ. ಈ ಪತ್ರದಲ್ಲಿ ಹಾಗೆ ಮಾಡಿದರೆ ನಾನು ಬರೆದದ್ದೇ ದಂಡ. ಫೋನಿನಲ್ಲಿ ಯಾಕೆ ಹೇಳಬಾರದಿತ್ತು ಎಂದು ಕೇಳುತ್ತೀರಿ. ಮೊನ್ನೆ ಹೇಳಲು ಹೊರಟೆ. ಅಜ್ಜಿ ತಮ್ಮ ಕಣ್ಣು, ಡಾಕ್ಟರು, ಲಿಫ್ಟು, ಎದುರು ಮನೆಯ ನಾಯಿ ಎಲ್ಲ ಹೇಳಿ ಮುಗಿಸಿ, ಸರಿ ಮಗಾ ಇಡ್ತೇನೆ ಎಂದು ಇಟ್ಟೇಬಿಟ್ಟರು. ಸತ್ಯವಾಗಿ ಹೇಳುವುದಾದರೆ ಇಟ್ಟದ್ದು ಒಳ್ಳೆಯದಾಯಿತು ಎನಿಸಿತು. ನನಗೆ ಅಷ್ಟು ಹೆದರಿಕೆಯಾಗಿದೆ.

ಅಜ್ಜಿ, ವಿಷಯ ಆ ಪದದ್ದು. ನಿಮ್ಮ ಬ್ಯಾಗಿನಲ್ಲಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿರುವ ಹಾಳೆಯದ್ದು. ಅದರ ಅರ್ಥ ಎಂದು ನಾನು ಬರೆದದ್ದು ತಪ್ಪಾಗಿದೆ.

ಇಲ್ಲಿಗೇ ನಿಲ್ಲಿಸಬೇಡಿ, ಮಾಮ. ನಿಮಗೆ ಪೂರ್ತಿ ಗೊತ್ತಿಲ್ಲದ ಕಾರಣ ಮೊದಲಿಂದ ಹೇಳುತ್ತೇನೆ, ಅಜ್ಜಿ ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಕೇಳಲಿ. ನಾನು ಕಾಲೇಜಿನಲ್ಲಿ ಪಾಠ ಮಾಡಿ ಉಳಿದ ಹೊತ್ತಿನಲ್ಲಿ ತಲೆ ಕೆಡಿಸಿಕೊಳ್ಳುವ ಲುವಿಯನ್ ಎನ್ನುವುದು ಯಾವುದೋ ಮಾತ್ರೆಯ ಹೆಸರಲ್ಲ. ಈಗ ತುರ್ಕಿ ಎನ್ನುವ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಜನ ಆಡುತ್ತಿದ್ದ ಭಾಷೆ. ಹಸಿ ಮಣ್ಣಿನ ಹಲಗೆಯ ಮೇಲೆ ಕಡ್ಡಿಯ ಮೊನೆ ಒತ್ತಿ ಬರೆಯುತ್ತಿದ್ದರು. ಅರಮನೆಯ ಬರಹಗಾರರ ಭಾಷೆ ಬೇರೆ, ಹಿಟ್ಟೈಟ್. ಆದರೆ ಯಾರಿಗಾದರೂ ಕಾಯಿಲೆ ಬಂದರೆ, ಮಾಟ ತಟ್ಟಿದರೆ ಒಬ್ಬ ಮುದುಕಿಯನ್ನು ಕರೆಸುತ್ತಿದ್ದರು. ಅವಳು ಮಂತ್ರ ಹೇಳುತ್ತಿದ್ದದ್ದು ಲುವಿಯನ್‌ನಲ್ಲಿ. ಬರಹಗಾರ ಅವಳು ಮಾಡಿದ್ದನ್ನೆಲ್ಲ ತನ್ನ ಭಾಷೆಯಲ್ಲಿ ಬರೆದು, ಅವಳ ಬಾಯಿಯ ಮಾತನ್ನು ಮಾತ್ರ ಹಾಗೆಯೇ ಬಿಡುತ್ತಿದ್ದ. ನಮ್ಮಲ್ಲಿ ಆಮಂತ್ರಣ ಪತ್ರಿಕೆ ಕನ್ನಡದಲ್ಲಿ ಅಚ್ಚಾದರೂ ದೈವದ ಮುಂದೆ ಮಾತು ತುಳುವಿನಲ್ಲಿ ನಡೆಯುವುದಿಲ್ಲವೇ, ಸುಮಾರಾಗಿ ಹಾಗೆ. ನಾನು ಹಿಡಿದ ಹಲಗೆಯಲ್ಲಿ ಆ ಮುದುಕಿ ಕೈಯಲ್ಲಿ ಹಿಡಿದುಕೊಂಡ ಒಂದು ವಸ್ತುವಿನ ಹೆಸರನ್ನೂ ಅವನು ಅವಳ ಭಾಷೆಯಲ್ಲೇ ಇಟ್ಟಿದ್ದಾನೆ, ಮುಂದೆ ಎರಡು ಸಣ್ಣ ಓರೆ ಗುರುತು ಹಾಕಿ. ಅವನಿಗೆ ಅರ್ಥ ಗೊತ್ತಿತ್ತು, ವಿವರಿಸಲಿಲ್ಲ. ನಮಗೆ ಗೊತ್ತಿಲ್ಲ. ಬೇರೆ ಯಾವ ಹಲಗೆಯಲ್ಲೂ ಆ ಪದ ಇದುವರೆಗೆ ಸಿಕ್ಕಿಲ್ಲ.

ಇಂಥ ಪದ ಎದುರಾದಾಗ ಜರ್ಮನಿಯ ನನ್ನ ಪ್ರೊಫೆಸರರು ಕಲಿಸುವ ಮೊದಲ ಪಾಠವೇ, ನಿನಗೆ ಗೊತ್ತಿರುವ ಯಾವುದೋ ಪದದ ಹಾಗೆ ಕೇಳುತ್ತದೆ ಎಂದು ಹಿಗ್ಗಬೇಡ ಎನ್ನುವುದು. ಅದರ ಅಕ್ಕಪಕ್ಕ ಏನೇನಿದೆ, ಅದನ್ನು ಯಾರು ಹಿಡಿಯುತ್ತಾರೆ, ಏನು ಮಾಡುತ್ತಾರೆ ಎಂದು ನೋಡಬೇಕು. ನನ್ನ ಹಲಗೆಯಲ್ಲಿ ಮುದುಕಿ ಆ ವಸ್ತುವನ್ನು ಕಾಯಿಲೆಯವನ ಮೈಸುತ್ತ ನಿವಾಳಿಸುತ್ತಾಳೆ. ಅವನು ಅದರ ಮೇಲೆ ಉಗಿಯುತ್ತಾನೆ. ಅಷ್ಟಕ್ಕೆ ಹಲಗೆ ಮುರಿದಿದೆ. ಅದನ್ನು ಓದಿದ ದಿನ ನನಗೆ ಆ ಮುದುಕಿಯ ಮುಖ ಕಾಣಿಸಿತು, ಅಜ್ಜಿ. ಅದು ನಿಮ್ಮ ಮುಖವೇ ಆಗಿತ್ತು. ನನಗೆ ಜ್ವರ ಬಂದಾಗಲೆಲ್ಲ ಉಪ್ಪು, ಒಣಮೆಣಸು, ಹಳೆಯ ಬಲೆಯ ಗಂಟು ಗಂಟಾದ ತುಂಡು ಎಲ್ಲ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ, ಉಗಿ ಬಾಲೆ, ಜೋರಾಗಿ ಉಗಿ ಎನ್ನುತ್ತಿದ್ದಿರಿ. ಆಮೇಲೆ ಅದನ್ನು ಇಳಿತದ ಹೊತ್ತು ನೋಡಿ ಅಳಿವೆಯ ಕಡೆ ಎಸೆದು, ಹಿಂದಿರುಗಿ ನೋಡದೆ ಬರುತ್ತಿದ್ದಿರಿ. ಒಮ್ಮೆ ಆ ಬಲೆಯ ತುಂಡು ಚೆಂದ ಉಂಟು ಎಂದು ನಾನು ಕಿತ್ತುಕೊಳ್ಳಲು ಹೋದಾಗ ಕೈಗೆ ಫಟ್ ಎಂದು ಬಿತ್ತು. ಹೋದ ವರ್ಷ ನಿಮ್ಮ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಮತ್ತೆ ಕೇಳಿದಾಗ ನೀವು ಮೀನು ಕೊಯ್ಯುವುದನ್ನು ನಿಲ್ಲಿಸಿ, "ಉಗಿದದ್ದನ್ನು ಯಾರಾದ್ರೂ ವಾಪಸ್ ಮನೆಯೊಳಗೆ ತರ್ತಾರಾ ಮಗಾ? ಯಾವ ದೇಶದವರೂ ತರ್ಲಿಕ್ಕಿಲ್ಲ" ಎಂದಿರಿ.

ನನಗೆ ಅಷ್ಟು ಸಾಕಾಯಿತು. ಉಗಿದದ್ದು ಮನೆಗೆ ಬಾರದು, ಆದ್ದರಿಂದ ಅದು ಎಸೆಯುವಂಥದ್ದೇ ಆಗಿರಬೇಕು. ಹಳೆಯ ಹಗ್ಗದ ಗಂಟೋ ನಾರಿನ ಚೂರೋ ಇರಬೇಕು ಎಂದು ಲೇಖನ ಬರೆದೆ. ಓದಿದವರು ಚೆನ್ನಾಗಿದೆ ಎಂದರು. ಪತ್ರಿಕೆಯವರು ಪ್ರಕಟಿಸಿದರು. ಮೊದಲ ಅಡಿಟಿಪ್ಪಣಿಯಲ್ಲಿ, ಮಂಗಳೂರಿನ ಹೊಯ್ಗೆಬಜಾರಿನ ಅಮ್ಮಣ್ಣಿಯವರು ತಮ್ಮ ಮನೆಯ ಕ್ರಮವನ್ನು ವಿವರಿಸಿದ್ದಕ್ಕೆ ಋಣಿ ಎಂದು ಇಂಗ್ಲಿಷಿನಲ್ಲಿ ಹಾಕಿದ್ದೆ. ಅದನ್ನು ತೋರಿಸಿದಾಗ ನೀವು ಮೊದಲು ಕೇಳಿದ್ದು ನನ್ನ ಹೆಸರು ಯಾಕೆ ಇಷ್ಟು ಸಣ್ಣಕ್ಕೆ, ಅದೂ ಕೆಳಗೆ ಎಂದು. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಲ್ಯಾಮಿನೇಟ್ ಹಾಕಿಸಿದಿರಿ. ಬಂದರಿನ ಧಕ್ಕೆಯಲ್ಲಿ ನೂರ್ ಮುಹಮ್ಮದ್ ಸಾಹೇಬರು ಮೀನಿನ ಏಲಂ ನಿಲ್ಲಿಸಿ ಅದನ್ನು ನೋಡಿದರು ಎಂಬುದನ್ನು ನಾನು ನಿಮ್ಮ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೋ. ಕೇಳುವಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು. ಈಗ ನಾನು ಬಾಡಿಗೆಗಿರುವ ಇದೇ ಫಳ್ನೀರಿನ ಓಣಿಗಳಲ್ಲಿ ನೀವು ಬುಟ್ಟಿ ಹೊತ್ತು ಗೇಟು ಗೇಟಿಗೆ ಬರುತ್ತಿದ್ದಿರಲ್ಲ, ಮಹಡಿಯಿಂದ ಜನ ನಿಮ್ಮನ್ನು ಏ ಬಂಗುಡೆ ಎಂದು ಕರೆಯುತ್ತಿದ್ದರಲ್ಲ. ನನ್ನ ಮನೆ ಯಜಮಾನಿ ವರ್ಷಗಟ್ಟಲೆ ನಿಮ್ಮ ಕೈಯ ಮೀನು ತಿಂದವರು. ಅವರಿಗೂ ನಿಮ್ಮ ಹೆಸರು ತಿಳಿದದ್ದು ಆ ಹಾಳೆಯಿಂದಲೇ.

ಆಮೇಲೆ ನಮ್ಮ ಮೊಗವೀರ ಸಭೆಯ ಚಿತ್ತರಂಜನಣ್ಣನಿಗೆ ಸುದ್ದಿ ಹೋಯಿತು. ಡಿಸೆಂಬರ್ ಮೊದಲ ಭಾನುವಾರ ವಾರ್ಷಿಕೋತ್ಸವದಲ್ಲಿ ನಿಮಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ನಿಶ್ಚಯವಾಯಿತು. ಅದಕ್ಕೆಂದೇ ನೀವು ಕಣ್ಣಿನ ಆಪರೇಷನ್ನಿಗೆ ಒಪ್ಪಿದ್ದು ಎಂದು ಅಮ್ಮ ನಗುತ್ತಾಳೆ. ಸ್ಟೇಜಿನಲ್ಲಿ ಕೂತರೆ ಎದುರು ಯಾರೆಲ್ಲ ಬಂದಿದ್ದಾರೆಂದು ಸರಿಯಾಗಿ ಕಾಣಬೇಕು ಎಂದಿರಂತೆ.

ಸೋಮವಾರ ಕಾಲೇಜಿನಿಂದ ಬರುವಾಗ ಪಂಪ್‌ವೆಲ್ಲಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿತ್ತು. ಸುಮ್ಮನೆ ಫೋನ್ ತೆರೆದರೆ ಜರ್ಮನಿಯಿಂದ ಪ್ರೊಫೆಸರರ ಮೇಲ್. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಬೇರೆ ಪೆಟ್ಟಿಗೆಯೊಳಗೆ ಯಾವ ಕಾಲದಿಂದಲೋ ಬಿದ್ದಿದ್ದ ಒಂದು ಸಣ್ಣ ತುಂಡು ನಮ್ಮ ಹಲಗೆಯ ಮುರಿದ ಅಂಚಿಗೆ ಸರಿಯಾಗಿ ಕೂತಿದೆಯಂತೆ. ಫೋಟೋ ಕಳಿಸಿದ್ದರು. ಅಂಗೈಗಿಂತ ಚಿಕ್ಕದು. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಪಕ್ಕದವರು ಕಿಟಕಿ ಮುಚ್ಚಿ ಎನ್ನುತ್ತಿದ್ದರು, ನಾನು ಫೋಟೋ ದೊಡ್ಡದು ಮಾಡಿ ಅಕ್ಷರ ಅಕ್ಷರ ಬಿಡಿಸಿ ಓದಿದೆ. ಉಗಿದ ಮೇಲೆ ಆ ಮುದುಕಿ ಅದನ್ನು ಎಸೆಯುವುದಿಲ್ಲ. ಎತ್ತಿಕೊಂಡು ಮನೆಯೊಳಗೆ ತರುತ್ತಾಳೆ. ಕಾಯಿಲೆಯವನ ಹಾಸಿಗೆಯಲ್ಲಿ, ಅವನ ಮಗ್ಗುಲಲ್ಲೇ ಮಲಗಿಸುತ್ತಾಳೆ.

ಇಳಿಯುವ ಸ್ಟಾಪ್ ದಾಟಿಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಅದು ಹಗ್ಗದ ಗಂಟಲ್ಲ, ಅಜ್ಜಿ. ಏನೆಂದು ಈಗಲೂ ಗೊತ್ತಿಲ್ಲ. ಗೊಂಬೆಯಿರಬಹುದು, ಯಾವುದಾದರೂ ಮರಿಯಿರಬಹುದು, ಬಟ್ಟೆಯ ಸುರುಳಿಯಿರಬಹುದು. ನೀವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದು ನಮ್ಮ ಮನೆಯ ಮಟ್ಟಿಗೆ ಸತ್ಯವೇ. ನಮ್ಮ ಮನೆಯಲ್ಲಿ ತರುವುದಿಲ್ಲವಾದ್ದರಿಂದ ಅವರ ಮನೆಯಲ್ಲೂ ತರಲಾರರು ಎಂದು ಎಣಿಸಿದವಳು ನಾನು. ಬೇರೆ ಊರಿನವರು ಯಾರಾದರೂ ಆ ಎರಡು ಸಾಲು ಓದಿದ್ದರೆ, ಇಲ್ಲಿಂದ ಮುಂದೆ ಮುರಿದಿದೆ ಎಂದು ಸುಮ್ಮನಾಗುತ್ತಿದ್ದರು. ನಿಮ್ಮ ಕೈಯಿಂದ ಆ ಏಟು ತಿಂದ ನಾನು ಸುಮ್ಮನಾಗಲಿಲ್ಲ.

ಪ್ರೊಫೆಸರರು ಬೈದಿಲ್ಲ. ಇಂಥದ್ದು ಎಲ್ಲರಿಗೂ ಆಗುತ್ತದೆ, ತಿದ್ದುಪಡಿ ಬರೆದು ಕಳಿಸು, ಅರ್ಥ ತಿಳಿಯದು ಎಂದು ಹಾಕು ಎಂದಿದ್ದಾರೆ. ಅವರಿಗೇನು, ಅವರಲ್ಲಿ ಯಾರೂ ಪೇಟ ತೊಡಿಸುವವರಿಲ್ಲ. ನನಗೆ ಸೋಮವಾರದಿಂದ ಊಟ ಸೇರುತ್ತಿಲ್ಲ. ಕ್ಲಾಸಿನಲ್ಲಿ ಒಂದು ಅಧ್ಯಾಯದ ಬದಲು ಇನ್ನೊಂದನ್ನು ಪಾಠ ಮಾಡಿ, ಮಕ್ಕಳು ಹೇಳಿದ ಮೇಲೆ ನಿಲ್ಲಿಸಿದೆ. ಜೊತೆಗೆ ಪಾಠ ಮಾಡುವ ಏವ್ರಿಲ್ ನನ್ನ ಮುಖ ನೋಡಿ ಶಕ್ತಿನಗರದ ತನ್ನ ಮನೆಗೆ ಕರೆದುಕೊಂಡು ಹೋಗಿ, ಚಹಾ ಮಾಡಿಕೊಟ್ಟು ಎಲ್ಲ ಕೇಳಿಸಿಕೊಂಡಳು. ತಿದ್ದುಪಡಿಯಲ್ಲಿ ಅಜ್ಜಿಯ ಹೆಸರೇ ಬಾರದ ಹಾಗೆ ಮಾಡು, ಆಗ ತಪ್ಪು ನಿನ್ನದೊಬ್ಬಳದೇ ಆಗುತ್ತದೆ ಎಂದಳು. ಪ್ರೀತಿಯಿಂದಲೇ ಹೇಳಿದಳು. ಆದರೆ ಒಮ್ಮೆ ಅಚ್ಚಾದ ಹೆಸರನ್ನು ನಾನೇ ಅಳಿಸುವುದು ಹೇಗೆ? ಅಳಿಸಿದರೆ ಮತ್ತೆ ನೀವು ಏ ಬಂಗುಡೆ ಆದಂತೆ ನನಗೆ ಅನಿಸುತ್ತದೆ.

ಮಾಮ, ನೀವು ನಿನ್ನೆ ಫೋನಿನಲ್ಲಿ ಹೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ, ಸಿಟ್ಟು ಮಾಡಬೇಡಿ. ತಪ್ಪಾಗಿದೆ ಎಂದಷ್ಟೇ ನಾನು ಹೇಳಿದಾಗ ನೀವು, "ಸನ್ಮಾನ ಒಂದು ಆಗಿ ಹೋಗ್ಲಿ ಮಾರಾಯ್ತಿ, ನಂತರ ಬರೆದ್ರಾಯ್ತು. ಅಲ್ಲಿ ಕೂತವರಲ್ಲಿ ಯಾರಿಗೆ ಲುವಿಯನ್ ಗೊತ್ತುಂಟು?" ಎಂದಿರಿ. ಯಾರಿಗೂ ಗೊತ್ತಿಲ್ಲ, ನಿಜ. ಎರಡೂವರೆ ವಾರ ಬಾಯಿ ಮುಚ್ಚಿಕೊಂಡಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಇಡೀ ರಾತ್ರಿ ನಾನು ಅದಕ್ಕೆ ಒಪ್ಪಿಕೊಂಡೇ ಮಲಗಿದ್ದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಸ್ಟೇಜು ಕಣ್ಣೆದುರು ಬಂತು. ಚಿತ್ತರಂಜನಣ್ಣ ಮೈಕಿನಲ್ಲಿ ಹೊಗಳುತ್ತಿದ್ದಾರೆ, ನೀವು ಶಾಲಿಗೆ ಕುತ್ತಿಗೆ ಬಗ್ಗಿಸಿದ್ದೀರಿ, ಹೊಸ ಕಣ್ಣಿನಿಂದ ಎದುರಿನ ಸಾಲಿನಲ್ಲಿ ನನ್ನನ್ನೇ ಹುಡುಕುತ್ತಿದ್ದೀರಿ. ಅಲ್ಲಿ ನನಗೊಬ್ಬಳಿಗೆ ಮಾತ್ರ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲದೆ ನಿಮ್ಮನ್ನು ಅಲ್ಲಿ ಕೂರಿಸಿದರೆ ನಾನು ಮತ್ತೆ ನಿಮ್ಮ ಮುಖವನ್ನು ಹೇಗೆ ನೋಡುವುದು?

ಹಾಗೆಂದು ನಿಮಗೆ ತಿಳಿಸುವುದೂ ಸುಲಭವಿಲ್ಲ. ನಿಮ್ಮ ಬೈಗುಳಕ್ಕೆ ನಾನು ಹೆದರುವವಳಲ್ಲ, ಅದರಲ್ಲೇ ಬೆಳೆದವಳು. ನೀವು ಸುಮ್ಮನಾದರೆ ಮಾತ್ರ ನನ್ನಿಂದ ತಡೆಯಲಿಕ್ಕಾಗುವುದಿಲ್ಲ. ಅಜ್ಜ ಹೋದಾಗ ಹೀಗೆಯೇ, ಒಲೆಯ ಮುಂದೆ ಕೂತು ಎಷ್ಟೋ ದಿನ ಯಾರ ಹತ್ತಿರವೂ ಮಾತಾಡಲಿಲ್ಲ ನೀವು. ಈ ಪತ್ರ ಕೇಳಿ ಮುಗಿದ ಮೇಲೆ ನೀವು ಆ ಹಾಳೆಯನ್ನು ಬ್ಯಾಗಿನಿಂದ ತೆಗೆದು ಮಡಿಸಲು ನೋಡುವ ಚಿತ್ರ ಮತ್ತೆ ಮತ್ತೆ ಬರುತ್ತದೆ. ಲ್ಯಾಮಿನೇಟ್ ಮಾಡಿದ್ದು ಮಡಿಸಲಿಕ್ಕೆ ಆಗುವುದಿಲ್ಲ ಎಂದು ನೆನಪಾದರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ದಯವಿಟ್ಟು ಅದನ್ನು ಎಸೆಯಬೇಡಿ.

ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ. ನಾನು ಈಗಲೇ ಚಿತ್ತರಂಜನಣ್ಣನಿಗೆ ಹೇಳಲೋ, ಸನ್ಮಾನ ಮುಗಿಯುವವರೆಗೆ ತಡೆಯಲೋ? ತಿದ್ದುಪಡಿಯಲ್ಲಿ ನಿಮ್ಮ ಹೆಸರಿರಲೋ, ಬೇಡವೋ? ಶಾಲು ನಿಮ್ಮದು, ಹೆಸರು ನಿಮ್ಮದು, ತೀರ್ಮಾನವೂ ನಿಮ್ಮದೇ ಆಗಲಿ. ನೀವು ಹೇಗೆ ಹೇಳುತ್ತೀರೋ ಹಾಗೆ ಮಾಡುತ್ತೇನೆ. ಸಭೆಯ ಆಮಂತ್ರಣ ಇನ್ನೂ ಅಚ್ಚಿಗೆ ಹೋಗಿಲ್ಲವಂತೆ, ಹಾಗಾಗಿ ನಾಲ್ಕಾರು ದಿನ ಸಮಯವಿದೆ. ಯೋಚನೆ ಮಾಡಿ, ಮಾಮನ ಮಾತಿಗೂ ನನ್ನ ಮಾತಿಗೂ ಬೀಳದೆ ನಿಮಗೆ ಸರಿ ಕಂಡದ್ದನ್ನು ಹೇಳಿ. ಪ್ರೊಫೆಸರರಿಗೆ ನಾನು ಇನ್ನೂ ಉತ್ತರಿಸಿಲ್ಲ.

ಅತ್ತೆಗೆ ನನ್ನ ನಮಸ್ಕಾರ. ನಿಮ್ಮ ಎಲೆ ಅಡಿಕೆಯ ಡಬ್ಬಿಯನ್ನು ಅವರು ಅಡಗಿಸಿಟ್ಟಿರುವುದು ಡಾಕ್ಟರು ಹೇಳಿದ್ದಕ್ಕೆ, ಹಗೆಯಿಂದಲ್ಲ, ಜಗಳ ಮಾಡಬೇಡಿ. ಅಮ್ಮ ನಿಮಗಾಗಿ ಒಣ ಸಿಗಡಿ ಚಟ್ನಿ ಮಾಡಿಟ್ಟಿದ್ದಾಳೆ, ಪಾರ್ಸೆಲ್ ಕಳಿಸಿದರೆ ವಾಸನೆಗೆ ಪೋಸ್ಟಿನವರು ಬೈಯುತ್ತಾರೆಂದು ಹಾಗೇ ಇದೆ. ಪ್ರತಿ ಪತ್ರದ ಕೊನೆಗೆ ನಿಮ್ಮ ಆಶೀರ್ವಾದ ಬೇಡುತ್ತಿದ್ದೆ. ಈ ಸಲ ಬೇಡುವುದಿಲ್ಲ. ಎಲ್ಲ ಕೇಳಿದ ಮೇಲೂ ಮನಸ್ಸು ಬಂದರೆ ನೀವಾಗಿ ಕೊಡಿ.

ನಿಮ್ಮ ಮೊಮ್ಮಗಳು,
ಹರ್ಷಿತಾ

ತಾ.ಕ.: ಅಜ್ಜಿ, ಲಕೋಟೆಗೆ ಗೋಂದು ಹಚ್ಚುವಾಗ ಚಿತ್ತರಂಜನಣ್ಣನ ಫೋನ್ ಬಂತು. ಆಮಂತ್ರಣ ಇವತ್ತೇ ಪ್ರೆಸ್ಸಿಗೆ ಹೋಗುತ್ತದಂತೆ. ಅಳಿದುಹೋದ ಪ್ರಾಚೀನ ಭಾಷೆಯ ಪದಕ್ಕೆ ಅರ್ಥ ನೀಡಿದ ಶ್ರೀಮತಿ ಅಮ್ಮಣ್ಣಿ ಎಂದು ಓದಿ, ಸರಿ ಉಂಟಲ್ಲ ಎಂದು ಕೇಳಿದರು. ಒಂದು ವಾರ ತಡೆಯಿರಿ ಎನ್ನಲು ಹೊರಟವಳು, "ಆ ಅರ್ಥ ತಪ್ಪು ಅಣ್ಣಾ, ತಪ್ಪು ನನ್ನದು. ಅದನ್ನು ಹಾಕ್ಬೇಡಿ" ಎಂದುಬಿಟ್ಟೆ. ಅವರು, ಹಾಗಾದರೆ ನಿಮ್ಮ ಜಾಗಕ್ಕೆ ಈಜಿನಲ್ಲಿ ಪದಕ ತಂದ ಹುಡುಗಿಯ ಹೆಸರು ಹಾಕುತ್ತೇನೆ ಎಂದರು. ಕೂಡಲೇ ಪ್ರೊಫೆಸರರಿಗೂ ತಿದ್ದುಪಡಿ ಕಳಿಸಿದೆ, ಇಲ್ಲದಿದ್ದರೆ ಧೈರ್ಯ ಆರಿಹೋಗುತ್ತಿತ್ತು. ನಿಮ್ಮ ಹೆಸರನ್ನು ತೆಗೆದಿಲ್ಲ. ತೀರ್ಮಾನ ನಿಮ್ಮದು ಎಂದು ಇಷ್ಟು ಪುಟ ಬರೆದು, ನಿಮ್ಮನ್ನು ಕೇಳದೆಯೇ ಎಲ್ಲ ಮಾಡಿಬಿಟ್ಟೆ. ಸನ್ಮಾನ ಇಲ್ಲ, ಅಜ್ಜಿ. ಆದರೂ ಅದಕ್ಕೆಂದು ಮಾಡಿಸಿದ ಮತ್ಸ್ಯಗಂಧ ರೈಲಿನ ಟಿಕೆಟ್ ರದ್ದು ಮಾಡಿಸಬೇಡಿ, ಬನ್ನಿ. ವಾರ್ಷಿಕೋತ್ಸವದ ಹಿಂದಿನ ದಿನ, ಶನಿವಾರ ಬೆಳಿಗ್ಗೆ ನಾನು ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ. ಆ ರೈಲಿನಿಂದ ನೀವು ಇಳಿಯದಿದ್ದರೆ, ಅದರ ಅರ್ಥ ತಿಳಿಯಲು ನನಗೆ ಯಾವ ಮ್ಯೂಸಿಯಮ್ಮಿನ ತುಂಡೂ ಬೇಕಾಗುವುದಿಲ್ಲ.